ಮೈನಸ್ ಬಾರದ ಡಬ್ಬಿ

ಮಾನ್ವಿ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಝೆರಾಕ್ಸ್ ಅಂಗಡಿ. ಅದಕ್ಕೆ ಹತ್ತಿಕೊಂಡೇ ನೇತ್ರಾವತಿಯ ರಿಪೇರಿ ಅಂಗಡಿ. ನಡುವೆ ಗೋಡೆ ಇದೆ ಅಂತ ಮಾಲೀಕ ಬಾಡಿಗೆ ವಸೂಲಿ ಮಾಡುತ್ತಾನೆ, ಇರುವುದು ಮಾತ್ರ ಪ್ಲೈವುಡ್ ಹಲಗೆ. ಅವಳು ಆ ಕಡೆ ಬೆಸುಗೆ ಹಾಕಿದರೆ ಹೊಗೆ ನನ್ನ ಮೂಗಿಗೆ ಬರುತ್ತದೆ. ಅಲ್ಲಿ ಯಾರು ಏನು ಮಾತಾಡಿದರೂ ಇಲ್ಲಿ ಕೇಳುತ್ತದೆ. ಈ ಅಂಬಣ್ಣ ಕದ್ದು ಕೇಳಿ ಬರೆದ ಅಂತ ಯಾರೂ ಅನ್ನಬೇಡಿ, ಕೇಳದೆ ಇರುವುದಕ್ಕೆ ದಾರಿಯೇ ಇರಲಿಲ್ಲ.

ನೇತ್ರಾವತಿ ಬಾಗಲವಾಡದ ಸಿದ್ದರಾಮಪ್ಪನ ಮಗಳು. ಸಿದ್ದರಾಮಪ್ಪ ಕುರಿ ಕಾಯುವವನು. ಅವನ ಅಪ್ಪನೂ ಅದೇ, ಅಜ್ಜನೂ ಅದೇ. ಮಗಳು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಯಲ್ಲಿ ಕೆಲವು ವರ್ಷ ಮೋಟಾರ್ ಸ್ಟಾರ್ಟರಿನ ಬೋರ್ಡು ರಿಪೇರಿ ಮಾಡಿ, ಆಮೇಲೆ ಮಾನ್ವಿಗೆ ಬಂದು ಸ್ವಂತ ಅಂಗಡಿ ಇಟ್ಟಳು. ಹೆಣ್ಣುಮಗಳು ರಿಪೇರಿ ಅಂಗಡಿ ಇಟ್ಟಿದ್ದಾಳೆ ಅಂತ ಮೊದಮೊದಲು ಬರೀ ನೋಡಲು ಬಂದವರೇ ಹೆಚ್ಚು. ಸುಟ್ಟಿದೆ ಅಂತ ಸುಡದ ಮಿಕ್ಸಿ ತಂದು ಕೂತವರನ್ನು ನಾನೇ ಕಂಡಿದ್ದೇನೆ. ಅವಳು ಮಿಕ್ಸಿ ತಿರುಗಿಸಿ ತೋರಿಸಿ, "ಚಲೋ ಅದ, ಒಯ್ರಿ" ಅನ್ನುತ್ತಿದ್ದಳು, ಅಷ್ಟೇ. ಬಾಯಿ ಕಡಿಮೆ, ಹಠ ಜಾಸ್ತಿ. ಒಂದು ಕೆಲಸ ಹಿಡಿದರೆ ಮಧ್ಯಾಹ್ನದ ರೊಟ್ಟಿ ಬುತ್ತಿಯಲ್ಲೇ ಒಣಗುತ್ತಿತ್ತು.

ಆ ಹಠದಿಂದಲೇ ಡಬ್ಬಿ ಹುಟ್ಟಿದ್ದು. ಸಿರವಾರದ ಕಡೆ ಕೋಳಿ ಸಾಕುವವರೊಬ್ಬರು ಬಂದು, ಬೇಸಿಗೆಯಲ್ಲಿ ಶೆಡ್ಡಿನ ಒಳಗೆ ಎಷ್ಟು ಕಾವಿದೆ ಅಂತ ತೋರಿಸುವ ಒಂದು ಸಾಧನ ಬೇಕು ಅಂದರು. ಕಾವು, ತೇವ ಎರಡನ್ನೂ ಅಳೆಯುವ ಸೆನ್ಸರ್ ರಾಯಚೂರಿನಲ್ಲಿ ಸಿಗುತ್ತದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ಬಿಳಿ ಪ್ಲಾಸ್ಟಿಕ್ಕು, ಮುಖಕ್ಕೆ ಜಾಲರಿ. ಅದು ಹೇಳಿದ್ದನ್ನು ಓದಲು ಒಂದು ಎಲೆಕ್ಟ್ರಾನಿಕ್ ಚಿಪ್ಪು ಬೇಕು. ಎಲ್ಲರೂ ದೊಡ್ಡ ಬೋರ್ಡು ಹಾಕಿ, ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು ಅದಕ್ಕೆ ತುಂಬುತ್ತಾರಂತೆ. ಆ ಸಿದ್ಧ ಕೋಡಿಗೆ ಲೈಬ್ರರಿ ಅನ್ನುತ್ತಾರೆ. ನೇತ್ರಾವತಿಯ ಹತ್ತಿರ ಇದ್ದದ್ದು ಎಂಟು ಕಾಲಿನ ಸಣ್ಣ ಚಿಪ್ಪುಗಳ ಒಂದು ಚೀಲ. ಅದರ ಹೊಟ್ಟೆಯಲ್ಲಿ ಲೈಬ್ರರಿ ಹಿಡಿಸಲಿಲ್ಲ.

"ಹಿಡಸ್ದಿದ್ರ ಬಿಡು, ದೊಡ್ಡ ಬೋರ್ಡ್ ತರ್ಸು" ಅಂದೆ.

"ಹಿಡಸಂಗ ನಾನಾ ಬರೀತೀನಿ ಕಾಕಾ" ಅಂದಳು.

ಸೆನ್ಸರ್ ಮಾಡಿದ ಕಂಪನಿಯ ಇಂಗ್ಲಿಷ್ ಕಾಗದಗಳನ್ನು ನನ್ನ ಹತ್ತಿರವೇ ಪ್ರಿಂಟ್ ಹಾಕಿಸಿಕೊಂಡು, ಪೆನ್ಸಿಲ್ ಹಿಡಿದು ಕೂತಳು. ನಾನು ಬೇಸರವಾದಾಗ ಹೋಗಿ ತಲೆ ತಿನ್ನುತ್ತಿದ್ದೆ, ಅವಳು ಕೆಲಸ ಮಾಡುತ್ತಲೇ ಹೇಳುತ್ತಿದ್ದಳು. ಚಿಪ್ಪು ತಂತಿಯನ್ನು ಒಂದು ಕ್ಷಣ ಕೆಳಕ್ಕೆಳೆದು ಬಿಡಬೇಕು. ಅದು ಕರೆದ ಹಾಗೆ. ಸೆನ್ಸರ್ ಓ ಅನ್ನುತ್ತದೆ. ಆಮೇಲೆ ಅದೇ ತಂತಿಯಲ್ಲಿ ಮಿಡಿಯುತ್ತ ಹೋಗುತ್ತದೆ. ಮಿಡಿತ ಗಿಡ್ಡ ಇದ್ದರೆ ಸೊನ್ನೆ, ಉದ್ದ ಇದ್ದರೆ ಒಂದು. ಹಾಗೆ ನಲವತ್ತು ಬರುತ್ತವೆ, ಒಂದೊಂದಕ್ಕೂ ಬಿಟ್ ಅಂತ ಹೆಸರು. ಮೊದಲಿನವು ತೇವ, ನಡುವಿನವು ಕಾವು, ಕೊನೆಯವು ಸರಿಯಾಗಿ ಬಂತೋ ಇಲ್ಲವೋ ಅಂತ ತಾಳೆ ನೋಡಲು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಅಷ್ಟನ್ನೂ ಸಿದ್ಧ ಕೋಡಿನ ಹಂಗಿಲ್ಲದೆ ಅವಳೊಬ್ಬಳೇ ಎಣಿಸಿ ಬರೆದಳು. ಕಡೆಗೊಂದು ದಿನ ಡಬ್ಬಿಯ ಮುಖದಲ್ಲಿ ಕೆಂಪು ಅಂಕಿ ಹತ್ತಿತು. ಹೊರಗೆ ಎಷ್ಟು ಬಿಸಿಲಿತ್ತೋ ಅಷ್ಟನ್ನೇ ತೋರಿಸಿತು. ಅವಳು ನಕ್ಕದ್ದನ್ನು ಪೂರ್ತಿಯಾಗಿ ನೋಡಿದ್ದು ಅವತ್ತೇ.

ಒಂದನ್ನು ಮಾತ್ರ ಅವಳು ಬಿಟ್ಟಿದ್ದಳು. ಅದನ್ನೂ ನನಗೆ ಹೇಳಿದ್ದಳು.

"ಕಾವಿನ ಮೊದಲ್ನೇ ಬಿಟ್ ಅದ ಅಲ್ಲ ಕಾಕಾ, ಅದು ಒಂದು ಬಂದ್ರ ಮೈನಸ್ ಅಂತ ತಿಳ್ಕೋಬೇಕು. ಸೊನ್ನಿಗಿಂತ ಕೆಳಗ, ಬರ್ಫ್ ಆಗೋವಷ್ಟು ಥಂಡಿ. ಅದನ್ನ ಒರಸಿಬಿಟ್ಟೀನಿ. ಚಿಪ್ಪಿನ್ಯಾಗ ಜಾಗ ಇಲ್ಲ, ಈ ಡಿಸ್ಪ್ಲೇದಾಗೂ ಮೈನಸ್ ಗೆರಿ ಹಾಕಾಕ ಖಾಲಿ ಮನಿ ಇಲ್ಲ. ನಮ್ಮ ರಾಯಚೂರಾಗ ಮೈನಸ್ ಎಲ್ಲಿಂದ ಬರ್ಬೇಕು?"

ನಾನೂ ನಕ್ಕೆ. ಯಾರಿದ್ದರೂ ನಗುತ್ತಿದ್ದರು. ಮಾಗಿಯಲ್ಲಿ ಬೆಳಿಗ್ಗೆ ಶಾಲು ಹೊದ್ದು ಹೊರಟವರು ಮಧ್ಯಾಹ್ನ ಅದರಿಂದಲೇ ಬೆವರು ಒರೆಸಿಕೊಳ್ಳುವ ಸೀಮೆ ಇದು. ಇಲ್ಲಿ ಹುಟ್ಟಿದವರು ಬಿಸಿಲಿಗೆ ಹೆದರುತ್ತೇವೆ, ಥಂಡಿಯನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ.

ಕೋಳಿ ಶೆಡ್ಡಿನಲ್ಲಿ ಡಬ್ಬಿ ಚೆನ್ನಾಗಿ ನಡೆಯಿತು. ಸುದ್ದಿ ಅಬ್ದುಲ್ ವಹೀದರಿಗೆ ಮುಟ್ಟಿತು. ವಹೀದರದು ದನಕುರಿಗಳ ಔಷಧದ ಅಂಗಡಿ, ನಮ್ಮ ಸಾಲಿನ ಆಚೆ ತುದಿಯಲ್ಲಿ. ಕುರಿಗಾರರು ಎಷ್ಟು ಹೊತ್ತಿನಲ್ಲಿ ಬಾಗಿಲು ಬಡಿದರೂ ತೆಗೆಯುವ ಮನುಷ್ಯ. ಲಸಿಕೆಯ ಫ್ರಿಜ್ಜು ಎರಡರಿಂದ ಎಂಟು ಡಿಗ್ರಿ ಒಳಗಿರಬೇಕು, ಕರೆಂಟು ಹೋಗಿಬಂದು ಮಾಡುತ್ತದೆ, ಕಾವು ಏರಿ ಔಷಧ ಕೆಟ್ಟರೆ ತನಗೆ ಗೊತ್ತೇ ಆಗುವುದಿಲ್ಲ ಅನ್ನುವುದು ಅವರ ಚಿಂತೆ.

"ನನ್ನ ಫ್ರಿಜ್ಜಿಗೂ ಒಂದು ಹಚ್ಚಿಕೊಡು ಬೇಟಿ. ಎಂಟು ದಾಟಿದ್ರ ಒದರ್ಬೇಕು ಅದು."

ನೇತ್ರಾವತಿ ಕೋಳಿ ಶೆಡ್ಡಿಗೆ ಮಾಡಿದ್ದರಲ್ಲೇ ಒಂದನ್ನು ತೆಗೆದು, ಎಂಟು ದಾಟಿದರೆ ಕೂಗುವ ಹಾಗೆ ತಿದ್ದಿ, ಸೆನ್ಸರನ್ನು ಫ್ರಿಜ್ಜಿನ ಒಳಗೆ ತೂಗುಬಿಟ್ಟು ಬಂದಳು. ಅವತ್ತು ಅದು ಐದು ತೋರಿಸಿತು. ಅದೇ ಫ್ರಿಜ್ಜಿನ ಔಷಧವೇ ಅವಳ ಅಪ್ಪನ ಕುರಿಗಳಿಗೂ ಹೋಗುವುದು. ಆ ಹೆಮ್ಮೆ ಅವಳಿಗಿತ್ತು, ಇರಬಾರದೇನು?

ಸಿದ್ದರಾಮಪ್ಪನ ಹೆಮ್ಮೆ ಅದಕ್ಕಿಂತ ಜೋರು. ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಕರುಳುಬೇನೆಯ ಸೂಜಿ ಮಾಡಿಸಬೇಕು. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಕುರಿ ಹೊಟ್ಟೆಬಿರಿಯ ಮೇಯುತ್ತದೆ, ಆಗ ಈ ಬೇನೆ ಎದ್ದು ರಾತ್ರಿ ಬೆಳಗಾಗುವುದರೊಳಗೆ ಕೊಲ್ಲುತ್ತದೆ. ಸೂಜಿ ಒಂದೇ ಅದಕ್ಕೆ ತಡೆ. ಆ ವರ್ಷ ಸಿದ್ದರಾಮಪ್ಪ ತನ್ನ ಅಣ್ಣತಮ್ಮಂದಿರನ್ನೆಲ್ಲ ವಹೀದರ ಅಂಗಡಿಗೇ ಕರೆತಂದ. ಫ್ರಿಜ್ಜಿನ ಮೇಲೆ ಕೂತ ಡಬ್ಬಿ ತೋರಿಸಿ, "ನನ್ನ ಮಗಳು ಮಾಡಿದ್ದು. ಔಷಧ ಕಾಯಾಕ ಕುಂತದ" ಅನ್ನುತ್ತಿದ್ದ. ಅಕ್ಕನ ಮಗ ಕನಕರಾಜನೂ ಬಂದಿದ್ದ. ಹೊಸದಾಗಿ ಅಣ್ಣನಿಂದ ಬೇರೆಯಾಗಿ ತನ್ನ ಪಾಲಿನ ಕುರಿ ಹೊಡೆದುಕೊಂಡು ದೇವದುರ್ಗದ ಕಡೆ ಹೊರಟಿದ್ದವನು. ಮಾವ ಹೇಳಿದ ಅಂಗಡಿಯಲ್ಲೇ ಔಷಧ ತಗೊಂಡು, ಇರುವ ಕುರಿಗೆಲ್ಲ ಸೂಜಿ ಮಾಡಿಸಿಕೊಂಡು ಹೋದ.

ಬೇಸಿಗೆಯಲ್ಲಿ ಕರೆಂಟು ಹೋಗಿ ಹೋಗಿ ಬಂದಾಗ ವಹೀದರು ಫ್ರಿಜ್ಜಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿ ಇಟ್ಟಿದ್ದರು. ಹೆಚ್ಚು ಥಂಡಿ ಇದ್ದರೆ ಹೆಚ್ಚು ಒಳ್ಳೆಯದು ಅನ್ನುವುದು ನಮ್ಮೂರಿನ ಎಲ್ಲರ ತಿಳುವಳಿಕೆ. ಡಬ್ಬಿ ಎಂದೂ ಎಂಟು ದಾಟಲಿಲ್ಲ, ಒಂದು ದಿನವೂ ಕೂಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಎರಡು, ಎರಡೂವರೆ. "ಭಾರೀ ಮಿಷನ್ ಮಾಡೀಯವ್ವಾ" ಅಂತ ಅವರು ಬೀದಿಯಲ್ಲಿ ಸಿಕ್ಕಾಗಲೆಲ್ಲ ಹೊಗಳುತ್ತಿದ್ದರು.

ಮಳೆ ಬಿತ್ತು. ಬಾಗಲವಾಡದ ಸುತ್ತ ಹೊಲದ ಬದುಗಳು ಹಸಿರಾದವು. ಮೊದಲು ಸತ್ತದ್ದು ಸಿದ್ದರಾಮಪ್ಪನ ಮರಿಗಳು, ಅದರಲ್ಲೂ ಗುಂಡುಗುಂಡಗೆ ಮೈ ತುಂಬಿಕೊಂಡವು. ಸಂಜೆ ಹಟ್ಟಿಗೆ ಬಂದಾಗ ಚೆನ್ನಾಗಿಯೇ ಇದ್ದವು. ನಸುಕಿನಲ್ಲಿ ನೋಡಿದರೆ ಕತ್ತು ಹಿಂದಕ್ಕೆ ಸೆಟೆದು, ಕಾಲು ಕೆದರಿ, ಬಾಯಲ್ಲಿ ನೊರೆ. ಮರುದಿನ ಇನ್ನಷ್ಟು. ತಾಯಿ ಕುರಿಗಳು ಕೆಚ್ಚಲು ಬಿಗಿದುಕೊಂಡು ಒದರುತ್ತ ಹಟ್ಟಿ ಸುತ್ತುತ್ತಿದ್ದವು. ಅಣ್ಣತಮ್ಮಂದಿರ ಹಟ್ಟಿಗಳಲ್ಲೂ ಅದೇ ಗತಿ. ಪಶುವೈದ್ಯೆ ಸುಜಾತಾ ಬಂದು ಒಂದು ಮರಿ ಕೊಯ್ದು ನೋಡಿದರು. ಮೂತ್ರಪಿಂಡ ಹಿಟ್ಟು ಕಲಸಿದಂತೆ ಮೆತ್ತಗಾಗಿತ್ತು.

"ಕರುಳುಬೇನೀನ ಇದು. ಸೂಜಿ ಮಾಡ್ಸಿದ್ರಿಲ್ಲ?"

"ಮಾಡ್ಸೀವ್ರೀ" ಅಂದ ಸಿದ್ದರಾಮಪ್ಪ.

"ಹಂಗಾದ್ರ ಔಷಧಾನ ಕೆಟ್ಟಿರ್ಬೇಕು ನೋಡ್ರಿ. ಹಸಿ ಹುಲ್ಲಿಗೆ ಬಿಡಬ್ಯಾಡ್ರಿ, ಹಟ್ಟ್ಯಾಗ ಕೂಡಿಹಾಕ್ರಿ, ಒಣ ಮೇವು ಹಾಕ್ರಿ."

ಅಷ್ಟು ಸಾಕಾಯಿತು. ಕುರಿಗಾರರು ವಹೀದರ ಅಂಗಡಿಯ ಮುಂದೆ ನೆರೆದರು. ಸತ್ತ ಔಷಧ ಮಾರಿದ ಅಂತ ಒಬ್ಬ ಅಂದ. ಅದರ ಹಿಂದೆ ವಹೀದರ ಜಾತಿಯ ಮೇಲೆ ಇನ್ನೊಂದು ಮಾತು ಬಂತು, ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಈಗಿನ ದಿನಗಳಲ್ಲಿ ಆ ಮಾತು ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಂದು ಕಲ್ಲೂ ಬಂತು, ಅಂಗಡಿಯ ಗಾಜು ಹೋಯಿತು. ವಹೀದರು ಒಡೆದ ಗಾಜಿನ ಹಿಂದೆ ನಿಂತು ಡಬ್ಬಿಯನ್ನೇ ತೋರಿಸುತ್ತಿದ್ದರು.

"ನೀವಾ ನೋಡ್ರೆಪಾ. ಎರಡರ ಮ್ಯಾಲ ನಾಕು ಪಾಯಿಂಟ್ ಅದ. ನನ್ನ ಮಾತು ಬಿಡ್ರಿ, ಸಿದ್ದರಾಮಪ್ಪನ ಮಗಳನ್ನಾ ಕರ್ದು ಕೇಳ್ರಿ."

ಅರ್ಧ ಮಂದಿ ತಣ್ಣಗಾದರು. ಮಿಷನ್ ಸರಿ ಅಂದರೆ ಔಷಧವೂ ಸರಿ, ಇದು ಬೇರೆ ಏನೋ ರೋಗ ಅಂದವರೂ ಇದ್ದರು. ಶುಕ್ರವಾರ ಬಾಗಲವಾಡದಲ್ಲಿ ಕೂತು ತೀರ್ಮಾನ ಮಾಡೋಣ, ವಹೀದನನ್ನೂ ಕರೆಯೋಣ ಅಂತ ಹೇಳಿ ಚದುರಿದರು. ತೀರ್ಮಾನ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅವರ ಅಂಗಡಿ ಮಾನ್ವಿಯಲ್ಲಿ ಉಳಿಯುತ್ತಿರಲಿಲ್ಲ.

ಮಂದಿ ಹೋದ ಮೇಲೆ ವಹೀದರು ನೇತ್ರಾವತಿಗೆ ಹೇಳಿಕಳಿಸಿದರು. ನಾನೂ ಜೊತೆಗೆ ಹೋದೆ. ಅವಳು ಡಬ್ಬಿ ನೋಡಿದಳು, ಎರಡು ಪಾಯಿಂಟ್ ನಾಲ್ಕು. ಫ್ರಿಜ್ಜಿನ ಬಾಗಿಲು ತೆರೆದು ಹಿಂದಿನ ಸಾಲಿನಿಂದ ಒಂದು ಲಸಿಕೆ ಸೀಸೆ ತೆಗೆದಳು. ಅದನ್ನು ಓರೆ ಮಾಡಿದರೆ ಒಳಗಿನದು ಓರೆಯಾಗಲಿಲ್ಲ, ಗಟ್ಟಿಯಾಗಿತ್ತು. ಕರುಳುಬೇನೆಯ ಔಷಧ ಒಮ್ಮೆ ಹೆಪ್ಪುಗಟ್ಟಿತೆಂದರೆ ಮುಗಿಯಿತು, ಆಮೇಲೆ ಕರಗಿದರೂ ಅದರಲ್ಲಿ ಶಕ್ತಿ ಇರುವುದಿಲ್ಲ. ಅದು ವಹೀದರಿಗೂ ಗೊತ್ತಿತ್ತು, ಡಬ್ಬಿ ಎರಡು ತೋರಿಸುತ್ತಿದೆ ಅಂತ ನಂಬಿ ಗುಂಡಿ ಹಾಗೇ ಬಿಟ್ಟಿದ್ದರು. ಮೇಲಾಗಿ ಹಗಲೆಲ್ಲ ಗಿರಾಕಿಗೆ ಬಾಗಿಲು ತೆಗೆದು ಹಾಕುವುದರಲ್ಲಿ ಸೀಸೆಗಳು ಕರಗಿರುತ್ತಿದ್ದವು, ಹೆಪ್ಪುಗಟ್ಟಿದ್ದನ್ನು ಅವರು ಕಂಡೇ ಇರಲಿಲ್ಲ. ಹಿಂದಿನ ರಾತ್ರಿ ಕರೆಂಟು ಹೋಗಿರಲಿಲ್ಲ, ಬೆಳಿಗ್ಗೆಯಿಂದ ಗಲಾಟೆಯಲ್ಲಿ ಯಾರೂ ಬಾಗಿಲು ತೆಗೆದಿರಲಿಲ್ಲ.

ನೇತ್ರಾವತಿ ಸೆನ್ಸರನ್ನು ಹೊರಗೆ ಎಳೆದು ಮುಷ್ಟಿಯಲ್ಲಿ ಹಿಡಿದಳು. ಬೆಚ್ಚಗಾದರೆ ಅಂಕಿ ಏರಬೇಕು. ಏರಲಿಲ್ಲ, ಇಳಿಯಿತು. ಎರಡು, ಒಂದೂವರೆ, ಒಂದು, ಸೊನ್ನೆ. ಸೊನ್ನೆ ಮುಟ್ಟಿದ ಮೇಲೆ ಏರತೊಡಗಿತು. ನನಗೆ ಏನೂ ತಿಳಿಯಲಿಲ್ಲ. ಅವಳ ಮುಖ ನೋಡಿ ಏನೋ ಆಗಿದೆ ಅನ್ನುವುದು ತಿಳಿಯಿತು.

"ಅದು ಮೈನಸ್ ಇತ್ತು ಕಾಕಾ. ಸೊನ್ನಿಗಿಂತ ಎರಡು ಕೆಳಗ. ನಾ ಮೈನಸ್ ಒರಸೀನಲ್ಲ, ಅದಕ್ಕ ಬರೇ ಎರಡು ಅಂತ ತೋರ್ಸೇದ. ಬ್ಯಾಸಗಿಯಿಂದ ಹಿಂಗಾ ತೋರ್ಸೇದ."

ವಹೀದರು ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ.

"ಗುಂಡಿ ತಿರುವಿದ್ದು ನಾನು, ಅದನ್ನ ನಾ ಒಪ್ಕೋತೀನಿ ಬೇಟಿ. ಆದ್ರ ಈ ಡಬ್ಬಿ ಮಾತು ನೀನಾ ಹೇಳ್ಬೇಕು. ನಾ ಹೇಳಿದ್ರ ಯಾರೂ ನಂಬಂಗಿಲ್ಲ. ಸುಳ್ಳ ಹೇಳಾಕತ್ಯಾನ ಅಂತ ಇನ್ನೊಂದು ಕಲ್ಲು ಬರ್ತದ."

ಅವಳು ಹೂಂ ಅಂದಳು. ಅವರ ಕಡೆ ನೋಡಲಾಗದೆ ಫ್ರಿಜ್ಜಿನ ಬಾಗಿಲು ಮುಚ್ಚಿ ಹೊರಗೆ ಬಂದಳು.

ಮಧ್ಯಾಹ್ನ ಸಿದ್ದರಾಮಪ್ಪ ಅವಳ ಅಂಗಡಿಗೆ ಬಂದ. ಪ್ಲೈವುಡ್ಡಿನ ಈ ಕಡೆ ನಾನು ಮಷಿನ್ ಬಂದ್ ಮಾಡಿ ಕೂತಿದ್ದೆ. ಅವಳು ಎಲ್ಲ ಹೇಳಿದಳು. ಬಿಟ್ಟು ಗಿಟ್ಟು ಅವನಿಗೆ ಅರ್ಥವಾಗಲಿಲ್ಲ, ತಪ್ಪು ಮಗಳದು ಅನ್ನುವುದು ಮಾತ್ರ ಅರ್ಥವಾಯಿತು.

"ಫ್ರಿಜ್ ಅವಂದು" ಅಂದ.

"ಡಬ್ಬಿ ನಂದು ಯಪ್ಪಾ."

"ಡಬ್ಬಿ ಯಾರ ಕೇಳ್ತಾರ? ಅವರನ್ನೆಲ್ಲ ಕೈ ಹಿಡ್ದು ಆ ಅಂಗಡಿಗೆ ಕರ್ಕೊಂಡ್ ಹೋದಾಂವ ನಾನು. ನನ್ನ ಮಗಳು ಕಾಯಾಕತ್ಯಾಳ ಅಂತ ಹೇಳಿ ಕರ್ಕೊಂಡ್ ಹೋಗೀನಿ. ನೀ ಬಾಯಿ ತಗದ್ರ ನಾ ಯಾವ ಮಾರಿ ಹೊತ್ತು ಅವರ ಜೋಡಿ ಕುಂದ್ರಲಿ?"

"ಎಲ್ಲಾರ್ಗೂ ಮತ್ತ ಸೂಜಿ ಮಾಡ್ಸಾಕ ಹೇಳ್ಬೇಕಲ್ಲ. ಕನಕರಾಜ ಅದಾನ ಅಲ್ಲಿ."

"ಇಲ್ಲಿಯವರು ಕುರಿ ಹಟ್ಟ್ಯಾಗ ಕೂಡಿಹಾಕ್ಯಾರ, ಡಾಕ್ಟರ್ ಹೇಳ್ಯಾರ. ದೇವದುರ್ಗದ ಕಡಿ ಇನ್ನ ಮಳಿ ಇಲ್ಲ, ಹುಲ್ಲು ಎಲ್ಲಿಂದ ಬರ್ಬೇಕು? ಶುಕ್ರವಾರದ ತನಕ ಸುಮ್ನಿರು. ನಿನ್ನ ಕಾಲಿಗೆ ಬೀಳ್ತೀನಿ ನೋಡವ್ವಾ."

ಅಪ್ಪ ಆ ಮಾತು ಆಡಬಾರದಿತ್ತು. ಆಮೇಲೆ ಅವಳ ಅಳು ಕೇಳಿಸಿತು, ಅವನು ಹೋದದ್ದು ಕೇಳಿಸಿತು. ಅವಳು ಆ ದಿನ, ಮರುದಿನ ಕೂತು ಕೋಡನ್ನು ತಿದ್ದಿದಳು. ತೇವ ತೋರಿಸುವ ಭಾಗವನ್ನು ಕಿತ್ತು ಆ ಜಾಗದಲ್ಲಿ ಮೈನಸ್ ಕೂರಿಸಿದಳು. ಮೈನಸ್ ಬಂದರೆ ಡಬ್ಬಿ ಅಂಕಿ ತೋರಿಸುವುದಿಲ್ಲ, ಬರೀ ಕೂಗುತ್ತದೆ. ಅಷ್ಟೇ ಬೇಕಾಗಿತ್ತು. ಅಷ್ಟಕ್ಕೆ ಜಾಗ ಇತ್ತು ಅಂತ ಹೇಳುವಾಗ ಅವಳ ದನಿ ಸತ್ತೇ ಹೋಗಿತ್ತು.

ಶುಕ್ರವಾರ ಬೀರಪ್ಪನ ಗುಡಿಯ ಮುಂದೆ ಕುರಿಗಾರರು ಕೂಡಿದರು. ಅವರಲ್ಲಿ ಒಂದು ಕಟ್ಟು ಇದೆ. ನಡುವೆ ಕರಿ ಕಂಬಳಿ ಹಾಸುತ್ತಾರೆ, ಹಾಸಿದ ಕಂಬಳಿಯ ಮುಂದೆ ಯಾರೂ ಸುಳ್ಳು ಆಡುವ ಹಾಗಿಲ್ಲ. ಆಡಿದರೆ ಹಟ್ಟಿಗೆ ಕೇಡು ಅಂತ ನಂಬಿಕೆ. ವಹೀದರು ಚಪ್ಪಲಿ ಬಿಟ್ಟು ದೂರದಲ್ಲಿ ಒಬ್ಬರೇ ನಿಂತಿದ್ದರು. ಮಾತು ಶುರುವಾಗುವ ಮೊದಲೇ ನೇತ್ರಾವತಿ ಎದ್ದು ಬಂದು ಕಂಬಳಿಯ ಅಂಚಿಗೆ ನಿಂತಳು. ಸಿದ್ದರಾಮಪ್ಪ ತಲೆ ಎತ್ತಲಿಲ್ಲ.

"ವಹೀದ್ ಚಾಚಾ ಸುಳ್ಳು ಹೇಳಿಲ್ಲ. ಅವರಿಗೆ ಸುಳ್ಳು ಹೇಳಿದ್ದು ನನ್ನ ಡಬ್ಬಿ" ಅಂದಳು. ಐಸು ತುಂಬಿದ ಚೀಲದಲ್ಲಿ ಇನ್ನೂ ತಿದ್ದದ ಆ ಹಳೆಯ ಡಬ್ಬಿಯನ್ನೂ ಸೆನ್ಸರನ್ನೂ ತಂದಿದ್ದಳು. ಐಸಿಗೆ ಉಪ್ಪು ಬೆರೆಸಿದ್ದಳು, ಹಾಗೆ ಮಾಡಿದರೆ ಸೊನ್ನೆಗಿಂತ ಕೆಳಗೆ ಹೋಗುತ್ತದಂತೆ. ಎಲ್ಲರ ಮುಂದೆ ಸೆನ್ಸರನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ ಅಂಕಿ ಇಳಿದು ಏರುವುದನ್ನು ತೋರಿಸಿದಳು. ಎಷ್ಟು ಮಂದಿಗೆ ತಿಳಿಯಿತೋ ಗೊತ್ತಿಲ್ಲ. ಔಷಧ ಸತ್ತಿತ್ತು, ತಾನು ಮಾಡಿದ ಡಬ್ಬಿ ಅದನ್ನು ಮುಚ್ಚಿತು, ಎಲ್ಲ ಕುರಿಗೂ ಹೊಸ ಔಷಧದ ಸೂಜಿ ಮಾಡಿಸಬೇಕು, ಅದು ಮೈಗೆ ಹತ್ತುವ ತನಕ ಹಸಿ ಹುಲ್ಲಿಗೆ ಬಿಡಬಾರದು ಅಂದದ್ದು ಎಲ್ಲರಿಗೂ ತಿಳಿಯಿತು. ಹಿರಿಯನೊಬ್ಬ ವಹೀದರ ಕಡೆ ಕೈ ಮಾಡಿ, ಬಂದು ಕೂಡ್ರಿ ಅಂದ. ಅವರು ಬಂದು ಕೂತರು. ಕಲ್ಲು ಹೊಡೆದವನೂ ಅಲ್ಲೇ ಕೂತಿದ್ದ.

ಹಿಂದಿನಿಂದ ಕನಕರಾಜ ಎದ್ದ. ಅವನು ಬಂದಿದ್ದನ್ನು ನಾನು ಗಮನಿಸಿರಲಿಲ್ಲ. ದೇವದುರ್ಗದಿಂದ ಬೆಳಗಿನ ಬಸ್ಸಿಗೆ ಬಂದಿದ್ದನಂತೆ. ಧೋತರಕ್ಕೆ ಮಣ್ಣು ಹತ್ತಿತ್ತು, ಗುಂಡಿ ತೋಡಿ ಹೂಳಿ ಬಂದವನ ಮಣ್ಣು.

"ನಿನಗ ಯಾವಾಗ ಗೊತ್ತಾತು ನೇತ್ರಾ?"

"ಮೊನ್ನಿ."

"ಮಾವಗ ಹೇಳಿದ್ಯೇನು?"

ಅವಳು ಕಂಬಳಿ ನೋಡಿದಳು, ಅಪ್ಪನನ್ನು ನೋಡಿದಳು.

"ಇಲ್ಲ" ಅಂದಳು.

"ಕಂಬಳಿ ಮುಂದ ಸುಳ್ಳು ಹೇಳಬ್ಯಾಡವ್ವಾ" ಅಂದ ಸಿದ್ದರಾಮಪ್ಪ. ಎದ್ದು ನಿಲ್ಲಲು ಪಕ್ಕದವನ ಹೆಗಲು ಹಿಡಿದ. "ಹೇಳಿದ್ಲು. ಮೊನ್ನಿ ಮಧ್ಯಾಹ್ನಾನ ಹೇಳಿದ್ಲು. ಸುಮ್ನಿರು ಅಂದಾಂವ ನಾನು."

ಕನಕರಾಜ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿ ಇತ್ತು.

"ಮೊನ್ನಿ ಮಧ್ಯಾಹ್ನ" ಅಂದ. "ಮೊನ್ನಿ ಸಂಜಿಗೆ ನಾ ನಿನಗ ಫೋನ್ ಮಾಡಿದ್ನೆಲ್ಲ ಮಾವಾ. ಇಲ್ಲಿ ಮಳಿ ಆಗ್ಯಾದ, ಹುಲ್ಲು ಎದ್ದಾದ, ನಿಮ್ಮಲ್ಲಿ ಕುರಿ ಸಾಯಾಕತ್ತಾವಂತ, ನಾ ಹುಲ್ಲಿಗೆ ಬಿಡ್ಲೋ ಬ್ಯಾಡೋ ಅಂತ ಕೇಳಿದ್ನಿ. ನಿನ್ನ ಕುರಿಗೆ ಸೂಜಿ ಆಗ್ಯಾದಲ್ಲ, ಬಿಡು ಅಂದಿ."

ನೇತ್ರಾವತಿ ಅಪ್ಪನ ಕಡೆ ತಿರುಗಿದಳು. ಅವಳಿಗೆ ಈ ಫೋನಿನ ಮಾತು ಗೊತ್ತಿರಲಿಲ್ಲ. ಸಿದ್ದರಾಮಪ್ಪ ನಿಂತೇ ಇದ್ದ.

"ಬಿಟ್ನಿ" ಅಂದ ಕನಕರಾಜ. "ಈಗ ಎರಡು ಟಗರು ಉಳ್ದಾವ."